ಹೈದರ್ ಅಲಿ: ಒಬ್ಬ ಮನುಷ್ಯ, ಹಲವು ಚಿತ್ರಗಳು

ಬಳ್ಳಾರಿ ಕೋಟೆ ನೋಡಲು ಹೋದವರು ಒಂದು ಕತೆ ಕೇಳದೆ ಕೆಳಗೆ ಇಳಿಯುವುದು ಅಪರೂಪ. ಹೈದರ್ ಅಲಿ ಈ ಕೋಟೆಯನ್ನು ಗೆದ್ದ ಮೇಲೆ ಒಬ್ಬ ಫ್ರೆಂಚ್ ಎಂಜಿನಿಯರನನ್ನು ಕರೆಸಿ ಅದನ್ನು ಭದ್ರಪಡಿಸಿದರಂತೆ. ಕೆಲಸವೆಲ್ಲ ಮುಗಿದ ಮೇಲೆ ನೋಡಿದರೆ ಹತ್ತಿರದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿತ್ತಂತೆ. ಶತ್ರು ಅಲ್ಲಿ ತೋಪು ಹೂಡಿದರೆ ಕೋಟೆಯ ಗತಿ ಮುಗಿಯಿತು ಎಂದು ಸಿಟ್ಟಾದ ಹೈದರ್, ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದರಂತೆ. ಪೂರ್ವದ ಬಾಗಿಲ ಹತ್ತಿರ ಇರುವ ಒಂದು ಗೋರಿಯನ್ನು ಆ ಎಂಜಿನಿಯರನದೇ ಎಂದು ಕೆಲವರು ತೋರಿಸುತ್ತಾರೆ. ಅದೇ ಗೋರಿ ಒಬ್ಬ ಮುಸ್ಲಿಂ ಸಂತರದು ಎಂದು ನಂಬುವವರೂ ಇದೇ ಊರಿನಲ್ಲಿದ್ದಾರೆ.

ಗೋರಿ ಒಂದೇ, ಕತೆ ಎರಡು. ಹೈದರ್ ಅಲಿಯವರ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಮನುಷ್ಯ ಒಬ್ಬರೇ, ಆದರೆ ಅವರ ಚಿತ್ರಗಳು ಹಲವು. ಒಬ್ಬರಿಗೆ ಅವರು ಸಿಂಹಾಸನ ಕಸಿದವರು, ಇನ್ನೊಬ್ಬರಿಗೆ ಇಂಗ್ಲಿಷರನ್ನು ನಡುಗಿಸಿದ ವೀರರು. ಚಿತ್ರದುರ್ಗದ ಕಡೆಯವರಿಗೆ ಕೋಟೆಗೆ ಮುತ್ತಿಗೆ ಹಾಕಿದ ಶತ್ರು. ಇನ್ನೂರನಲವತ್ತು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಅರಸನ ಬಗ್ಗೆ ಇಂದಿಗೂ ತರಗತಿಗಳಲ್ಲಿ, ಚಹಾದಂಗಡಿಗಳಲ್ಲಿ ವಾದ ನಡೆಯುತ್ತದೆ. ಆ ವಾದದಲ್ಲಿ ನಮ್ಮ ವಿದ್ಯಾರ್ಥಿಗಳನ್ನು ಕೆಲವೊಮ್ಮೆ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಲಾಗುತ್ತದೆ. ಕೆಲವೊಮ್ಮೆ ಅವರೇ ಹೋಗಿ ವಕೀಲರ ಸ್ಥಾನದಲ್ಲಿ ನಿಲ್ಲುತ್ತಾರೆ. ಎರಡೂ ಬೇಡ. ಮೊದಲು ಅವರ ಬದುಕನ್ನು ತಿಳಿಯೋಣ. ಆ ಮೇಲೆ ಆ ಬದುಕಿಗೆ ಯಾರು ಯಾರು, ಯಾವ ಕಾಲದಲ್ಲಿ, ಯಾವ ಬಣ್ಣ ಹಚ್ಚಿದರು ಎಂಬುದನ್ನು ನೋಡೋಣ.

ಬೂದಿಕೋಟೆಯಿಂದ ಶ್ರೀರಂಗಪಟ್ಟಣಕ್ಕೆ

ಹೈದರ್ ಅಲಿ ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಹುಟ್ಟಿದ ವರ್ಷ 1720 ಎಂದು ಕೆಲವರು, 1722 ಎಂದು ಇನ್ನು ಕೆಲವರು ಬರೆದಿದ್ದಾರೆ. ತಂದೆ ಫತೇ ಮುಹಮ್ಮದ್ ಸಿರಾ ಸುಬೇದಾರರ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಹೈದರ್ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ತಂದೆ ಯುದ್ಧದಲ್ಲಿ ಮಡಿದರು. ತಂದೆಯ ಆಸರೆ ತಪ್ಪಿದ ಮನೆಯನ್ನು ಸಾಲದ ನೆಪದಲ್ಲಿ ದೋಚಲಾಯಿತು ಎಂದು ಚರಿತ್ರೆಕಾರರು ಹೇಳುತ್ತಾರೆ. ಮೈಸೂರಿನ ಸೇವೆಯಲ್ಲಿದ್ದ ಬಂಧುವೊಬ್ಬರ ನೆರಳಿನಲ್ಲಿ ಹೈದರ್ ಮತ್ತು ಅವರ ಅಣ್ಣ ಶಹಬಾಜ್ ಬೆಳೆದರು.

ಹೈದರ್ ಶಾಲೆ ಕಂಡವರಲ್ಲ. ಓದು ಬರಹ ಬಾರದು. ಕಾಗದಪತ್ರಗಳಿಗೆ ತಮ್ಮ ಹೆಸರಿನ ಮೊದಲ ಅಕ್ಷರವನ್ನಷ್ಟೇ, ಅದನ್ನೂ ತಿರುಗುಮುರುಗಾಗಿ, ಗುರುತು ಹಾಕುತ್ತಿದ್ದರು ಎಂದು ಬರೆದವರಿದ್ದಾರೆ. ಆದರೆ ಅವರ ನೆನಪಿನ ಶಕ್ತಿ ಅಸಾಧಾರಣವಾಗಿತ್ತು. ಕನ್ನಡ, ದಖ್ಖನಿ, ತೆಲುಗು, ಮರಾಠಿ, ತಮಿಳು ಮಾತುಗಳಲ್ಲಿ ವ್ಯವಹರಿಸಬಲ್ಲವರಾಗಿದ್ದರು ಎಂದು ಹೇಳಲಾಗುತ್ತದೆ.

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಈ ಸಾಧಾರಣ ಸವಾರ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನವರ ಕಣ್ಣಿಗೆ ಬಿದ್ದರು. ಮುಂದೆ ದಿಂಡಿಗಲ್ಲಿನ ಫೌಜುದಾರರಾದರು. ಅಲ್ಲಿ ಫ್ರೆಂಚರ ನೆರವಿನಿಂದ ತೋಪು, ಮದ್ದುಗುಂಡುಗಳ ಕಾರ್ಖಾನೆ ಕಟ್ಟಿಕೊಂಡರು. ಬೆಂಗಳೂರು ಅವರಿಗೆ ಜಹಗೀರಾಗಿ ಬಂತು. ಮೈಸೂರಿನ ಖಜಾನೆ ಆಗ ಬರಿದಾಗಿತ್ತು, ಸೈನಿಕರಿಗೆ ಸಂಬಳವಿರಲಿಲ್ಲ, ಒಂದು ಕಡೆ ಮರಾಠರು, ಇನ್ನೊಂದು ಕಡೆ ನಿಜಾಮರು ಕಾಣಿಕೆಗೆ ಕಾಡುತ್ತಿದ್ದರು. ಸಂಬಳ ಕೊಡಿಸಬಲ್ಲವನ ಮಾತೇ ಸೈನ್ಯದಲ್ಲಿ ನಡೆಯುವ ಕಾಲ ಅದು. ಹೈದರ್ ಸಂಬಳ ಕೊಡಿಸಿದರು, ಸೈನ್ಯ ಅವರದಾಯಿತು.

1760ರಲ್ಲಿ ಅವರ ಸ್ವಂತ ದಿವಾನನಾಗಿದ್ದ ಖಂಡೇರಾಯ ಅರಮನೆಯವರೊಡನೆ ಸೇರಿ ತಿರುಗಿಬಿದ್ದ. ಹೈದರ್ ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲಿಯೇ ಬಿಟ್ಟು ರಾತ್ರಿ ಕಾವೇರಿ ದಾಟಿ ಬೆಂಗಳೂರಿಗೆ ಓಡಬೇಕಾಯಿತು. ಮರುವರ್ಷ, 1761ರಲ್ಲಿ, ಹಿಂದಿರುಗಿ ಬಂದು ಗೆದ್ದರು. ಅಂದಿನಿಂದ ಮೈಸೂರಿನ ಅಧಿಕಾರ ಅವರ ಕೈಯಲ್ಲಿತ್ತು. ಆದರೆ ಅವರು ಸಿಂಹಾಸನದ ಮೇಲೆ ಕೂರಲಿಲ್ಲ. ಒಡೆಯರ ವಂಶದವರನ್ನೇ ಹೆಸರಿಗೆ ಅರಸರನ್ನಾಗಿ ಇಟ್ಟರು. ದಸರಾ ದರ್ಬಾರು ಅವರ ಹೆಸರಿನಲ್ಲಿಯೇ ನಡೆಯಿತು. ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. 1770ರಲ್ಲಿ ನಂಜರಾಜ ಒಡೆಯರು ಕೊಲೆಯಾದದ್ದು ಹೈದರ್ ಅವರ ಆಜ್ಞೆಯಿಂದಲೇ ಎಂದು ಚರಿತ್ರೆಕಾರರು ಬರೆದಿದ್ದಾರೆ.

1763ರಲ್ಲಿ ಕೆಳದಿ ಅರಸರ ಬಿದನೂರು ಹೈದರ್ ವಶವಾಯಿತು. ಆ ಊರಿಗೆ ಹೈದರ್ ನಗರ ಎಂದು ಹೆಸರಾಯಿತು. ಇಂದಿನ ನಗರ ಅದೇ. ಬಿದನೂರಿನ ಸಂಪತ್ತಿನಿಂದಲೇ ಮುಂದಿನ ರಾಜ್ಯ ಕಟ್ಟಲು ಸಾಧ್ಯವಾಯಿತು. ಇಲ್ಲಿ ಒಂದು ಸಣ್ಣ ವಿಷಯ ಗಮನಿಸಬೇಕು. ಹೈದರ್ ಹೊರಡಿಸಿದ ಚಿನ್ನದ ವರಹಗಳು ಹಳೆಯ ಇಕ್ಕೇರಿ ವರಹದ ಮಾದರಿಯವು. ಒಂದು ಕಡೆ ಶಿವ ಪಾರ್ವತಿಯರ ಚಿತ್ರ, ಇನ್ನೊಂದು ಕಡೆ ಹೈದರ್ ಹೆಸರಿನ ಮೊದಲ ಅಕ್ಷರ. ಜನ ನಂಬಿದ ನಾಣ್ಯವನ್ನು ಬದಲಿಸುವ ಅಗತ್ಯ ಅವರಿಗೆ ಕಾಣಲಿಲ್ಲ. ಶೃಂಗೇರಿ ಮಠದ ಸ್ವಾಮಿಗಳಿಗೆ ಅವರು ಬರೆಸಿದ ಗೌರವದ ಪತ್ರಗಳೂ ಆ ಮಠದ ಕಡತಗಳಲ್ಲಿವೆ.

ಬಳ್ಳಾರಿಗೆ ಬಂದದ್ದು

ನಮ್ಮ ಸೀಮೆ ಆಗ ಮೂರು ದಾರಿ ಕೂಡುವ ಜಾಗದಂತಿತ್ತು. ಪೂರ್ವಕ್ಕೆ ಆದವಾನಿಯಲ್ಲಿ ನಿಜಾಮರ ಸೋದರ ಬಸಾಲತ್ ಜಂಗ್, ಗುತ್ತಿಯಲ್ಲಿ ಮರಾಠಾ ಸರದಾರ ಮುರಾರಿರಾವ್ ಘೋರ್ಪಡೆ, ದಕ್ಷಿಣಕ್ಕೆ ಹೈದರ್. ನಡುವೆ ಬಳ್ಳಾರಿ, ರಾಯದುರ್ಗ, ಹರಪನಹಳ್ಳಿಯ ಪಾಳೆಯಗಾರರು. ಸಿರುಗುಪ್ಪದವರಿಗೆ ಆದವಾನಿ ಎಷ್ಟು ಹತ್ತಿರ ಎಂಬುದು ಗೊತ್ತು. ಕುರುಗೋಡಿನವರಿಗೆ ತಮ್ಮ ಗುಡ್ಡಗಳ ಮೇಲಿನ ಹಳೆಯ ಕೋಟೆಯ ಗೋಡೆಗಳು ಗೊತ್ತು. ಯಾವ ದಂಡು ಹೊರಟರೂ ಈ ಹೊಲಗಳನ್ನು ತುಳಿದೇ ಹೋಗಬೇಕಿತ್ತು. ಕಾಣಿಕೆಯನ್ನು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕೋಪ. ಯಾರಿಗೂ ಕೊಡದಿದ್ದರೆ ಎಲ್ಲರಿಗೂ ಕೋಪ.

ಬಳ್ಳಾರಿಯ ಗುಡ್ಡದ ಮೇಲೆ ಕೋಟೆ ಕಟ್ಟಿದ್ದು ವಿಜಯನಗರದ ಕಾಲದ ಹನುಮಪ್ಪ ನಾಯಕರ ಮನೆತನ. ಆ ವಂಶದ ದೊಡ್ಡತಲೆ ರಾಮನಾಯಕ ಬಸಾಲತ್ ಜಂಗನಿಗೆ ಕಾಣಿಕೆ ನಿಲ್ಲಿಸಿದ. ಆದವಾನಿಯ ಸೈನ್ಯ ಫ್ರೆಂಚ್ ಸರದಾರ ಲಾಲಿಯ ಜೊತೆ ಬಂದು ಮುತ್ತಿಗೆ ಹಾಕಿತು. ನಾಯಕ ಹೈದರ್ ಅವರ ನೆರವು ಬೇಡಿದ. ಹೈದರ್ ಬಂದು ಮುತ್ತಿಗೆ ಹಾಕಿದವರನ್ನು ಓಡಿಸಿದರು. ಆದರೆ ನೆರವಿಗೆ ಬಂದವರು ಕೊನೆಗೆ ಒಡೆಯರೇ ಆದರು. 1775ರಲ್ಲಿ ಬಳ್ಳಾರಿ ಕೋಟೆ ಹೈದರ್ ಕೈ ಸೇರಿತು. ಮರುವರ್ಷ ಗುತ್ತಿಯೂ ಬಿತ್ತು. ಸಂಡೂರಿನ ಘೋರ್ಪಡೆಯವರ ಸಂಸ್ಥಾನವೂ ಅವರ ವಶವಾಯಿತು.

ಬಳ್ಳಾರಿಯಲ್ಲಿ ಮೇಲುಕೋಟೆಯನ್ನು ಭದ್ರಪಡಿಸಿ ಗುಡ್ಡದ ಬುಡದಲ್ಲಿ ಕೆಳಕೋಟೆಯನ್ನು ಕಟ್ಟಿಸಿದ್ದು ಹೈದರ್ ಕಾಲದ ಕೆಲಸ. ಕೋಟೆ ಮೈಸೂರಿನ ಕೈಯಲ್ಲಿ ಉಳಿದದ್ದು ಹೆಚ್ಚು ವರ್ಷವಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ಇದನ್ನು ನಿಜಾಮರಿಗೆ ಬಿಡಬೇಕಾಯಿತು. 1800ರಲ್ಲಿ ನಿಜಾಮರು ಇಂಗ್ಲಿಷ್ ಕಂಪನಿಗೆ ಬಿಟ್ಟರು. ಅಲ್ಲಿಂದ ಮದರಾಸು ಆಡಳಿತದಲ್ಲಿದ್ದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಹೈದರ್ ಯುದ್ಧ ಮಾಡಿದ್ದು ಯಾರ ಮೇಲೆ? ಆದವಾನಿಯ ಬಸಾಲತ್ ಜಂಗ್, ಹೈದರಾಬಾದಿನ ನಿಜಾಮರು, ಸವಣೂರು ಮತ್ತು ಕಡಪದ ನವಾಬರು, ಆರ್ಕಾಟಿನ ನವಾಬ ಮುಹಮ್ಮದ್ ಅಲಿ ಎಲ್ಲರೂ ಮುಸ್ಲಿಮರೇ. ಅವರ ಆಡಳಿತ ನಡೆಸಿದವರು ಯಾರು? ಪೂರ್ಣಯ್ಯ, ಕೃಷ್ಣರಾವ್ ಮೊದಲಾದ ಬ್ರಾಹ್ಮಣ ಅಧಿಕಾರಿಗಳು. ಅಂದಿನ ಯುದ್ಧಗಳು ಕಾಣಿಕೆಗಾಗಿ, ಕೋಟೆಗಾಗಿ, ದಾರಿಗಾಗಿ ನಡೆದವು. ಅವುಗಳನ್ನು ಧರ್ಮಯುದ್ಧ ಎಂದು ಹೊಗಳುವವರೂ ತಪ್ಪು ಹೇಳುತ್ತಾರೆ, ಹಾಗೆಂದು ತೆಗಳುವವರೂ ತಪ್ಪು ಹೇಳುತ್ತಾರೆ.

ಕೊನೆಯ ಯುದ್ಧ

ಇಂಗ್ಲಿಷರೊಡನೆ ಮೊದಲ ಯುದ್ಧ 1767ರಿಂದ 1769ರವರೆಗೆ ನಡೆಯಿತು. ಹೈದರ್ ಸೈನ್ಯ ಮದರಾಸಿನ ಬಾಗಿಲ ತನಕ ಹೋಗಿ ನಿಂತಿತು. ಕಂಪನಿಯವರು ಒಪ್ಪಂದಕ್ಕೆ ಬಂದರು. ಒಬ್ಬರ ಮೇಲೆ ಶತ್ರು ಬಂದರೆ ಇನ್ನೊಬ್ಬರು ನೆರವಾಗಬೇಕು ಎಂದು ಬರೆದುಕೊಟ್ಟರು. ಮರುವರ್ಷವೇ ಮರಾಠರು ಮೈಸೂರಿನ ಮೇಲೆ ಬಂದಾಗ ಆ ನೆರವು ಬರಲಿಲ್ಲ. ಈ ಮಾತು ತಪ್ಪಿದ್ದನ್ನು ಹೈದರ್ ಮರೆಯಲಿಲ್ಲ.

1780ರಲ್ಲಿ ಅವರು ಘಟ್ಟ ಇಳಿದು ಆರ್ಕಾಟು ಸೀಮೆಗೆ ನುಗ್ಗಿದರು. ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ಪೂರ್ತಿ ನಾಶವಾಯಿತು. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಅಂದು ಹೆಸರು ಮಾಡಿದವು. ಭಾರತದಲ್ಲಿ ಇಂಗ್ಲಿಷರು ಅಲ್ಲಿಯವರೆಗೆ ಕಂಡ ಅತಿ ದೊಡ್ಡ ಸೋಲುಗಳಲ್ಲಿ ಅದು ಒಂದು. ಆದರೆ 1781ರ ಜುಲೈ 1ರಂದು ಪೋರ್ಟೋ ನೋವೋದಲ್ಲಿ ಸರ್ ಐರ್ ಕೂಟ್ ಎದುರು ಹೈದರ್ ಹಿಂದೆ ಸರಿಯಬೇಕಾಯಿತು. ಯುದ್ಧ ಮುಗಿಯುವ ಮೊದಲೇ, 1782ರ ಡಿಸೆಂಬರ್ 7ರಂದು, ಬೆನ್ನಿನ ಹುಣ್ಣಿನಿಂದ ಬಳಲಿ ಚಿತ್ತೂರಿನ ಬಳಿಯ ಬಿಡಾರದಲ್ಲಿ ತೀರಿಕೊಂಡರು. ಮಗ ಟಿಪ್ಪು ಆಗ ಮಲಬಾರಿನ ಕಡೆ ಇದ್ದರು. ಅವರು ಬಂದು ಸೇರುವವರೆಗೆ ಸಾವಿನ ಸುದ್ದಿಯನ್ನು ಗುಟ್ಟಾಗಿ ಇಡಲಾಯಿತು. ಮೊದಲು ಕೋಲಾರಕ್ಕೆ ಒಯ್ದ ದೇಹವನ್ನು ಆ ಮೇಲೆ ಶ್ರೀರಂಗಪಟ್ಟಣದಲ್ಲಿ ದಫನ್ ಮಾಡಲಾಯಿತು. ಅಲ್ಲಿ ಟಿಪ್ಪು ಕಟ್ಟಿಸಿದ ಗುಂಬಜ್ ಇಂದಿಗೂ ಇದೆ.

ಬದುಕಿದ್ದಾಗಲೇ ಎರಡು ಚಿತ್ರ

ಹೈದರ್ ಬದುಕಿದ್ದಾಗಲೇ ಅವರ ಚಿತ್ರ ಒಂದಾಗಿರಲಿಲ್ಲ. 1779ರಲ್ಲಿ ಮದರಾಸು ಸರಕಾರ ಕಳಿಸಿದ ಕ್ರೈಸ್ತ ಪಾದ್ರಿ ಶ್ವಾರ್ಟ್ಸ್ ಶ್ರೀರಂಗಪಟ್ಟಣಕ್ಕೆ ಬಂದರು. ಹೈದರ್ ಹೇಗೆ ಏಕಕಾಲಕ್ಕೆ ಹಲವು ಕೆಲಸ ನೋಡುತ್ತಿದ್ದರು, ಯಾರ ಧರ್ಮ ಯಾವುದೆಂಬ ಗೊಡವೆಗೆ ಹೋಗದೆ ಅವರವರಿಗೆ ಬಿಡುತ್ತಿದ್ದರು ಎಂಬುದನ್ನು ಬರೆದರು. ಅದೇ ಪಾದ್ರಿ, ತಪ್ಪು ಮಾಡಿದ ಅಧಿಕಾರಿಗಳನ್ನು ಅಲ್ಲಿ ಚಾಟಿಯಿಂದ ಹೊಡೆಸುತ್ತಿದ್ದುದನ್ನೂ ಬರೆದರು. ಒಬ್ಬರೇ ಸಾಕ್ಷಿ, ಎರಡು ಮುಖ. ಈ ಎರಡರಲ್ಲಿ ತಮಗೆ ಬೇಕಾದ ಒಂದನ್ನು ಮಾತ್ರ ಆರಿಸಿಕೊಂಡವರೇ ಮುಂದೆ ಹೆಚ್ಚಾದರು.

ದೂರದ ಅಮೆರಿಕದಲ್ಲಿ ಹೈದರ್ ಬೇರೆಯೇ ಆಗಿ ಕಂಡರು. ಇಂಗ್ಲಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ಹೈದರ್ ಅಲಿ ಎಂದು ಹೆಸರಿಟ್ಟರು. 1782ರ ಏಪ್ರಿಲ್ 8ರಂದು ಆ ನೌಕೆ ಡೆಲಾವೇರ್ ಕೊಲ್ಲಿಯಲ್ಲಿ ಜನರಲ್ ಮಂಕ್ ಎಂಬ ಇಂಗ್ಲಿಷ್ ಹಡಗನ್ನು ಸೆರೆ ಹಿಡಿಯಿತು. ಬಳ್ಳಾರಿ ಎಲ್ಲಿದೆ ಎಂದು ಆ ನಾವಿಕರಿಗೆ ತಿಳಿದಿರಲಾರದು. ತಮ್ಮ ಶತ್ರುವಿನ ಶತ್ರು ಎಂಬುದಷ್ಟೇ ಅವರಿಗೆ ಸಾಕಾಗಿತ್ತು.

1783ರಲ್ಲಿ, ಹೈದರ್ ಬಳಿ ತೋಪಿನ ದಳದಲ್ಲಿ ಕೆಲಸ ಮಾಡಿದ್ದ ಒಬ್ಬ ಫ್ರೆಂಚ್ ಅಧಿಕಾರಿ ಮೆಚ್ಚುಗೆಯಿಂದ ಅವರ ಚರಿತ್ರೆ ಬರೆದು ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದ. 1785ರಲ್ಲಿ ಲಂಡನ್ನಿನ ಸಂಸತ್ತಿನಲ್ಲಿ ಎಡ್ಮಂಡ್ ಬರ್ಕ್, ಹೈದರ್ ಆರ್ಕಾಟು ಸೀಮೆಯನ್ನು ಸುಟ್ಟು ಹಾಳುಗೆಡವಿದ ಬಗೆಯನ್ನು ಕೇಳುಗರ ಮೈ ನಡುಗುವಂತೆ ವರ್ಣಿಸಿದ. ಆದರೆ ಅವನ ಗುರಿ ಹೈದರ್ ಆಗಿರಲಿಲ್ಲ. ಆರ್ಕಾಟು ನವಾಬನ ಸಾಲದ ಹೆಸರಿನಲ್ಲಿ ಹಣ ನುಂಗಿದ ಕಂಪನಿಯ ಅಧಿಕಾರಿಗಳು. ತನ್ನವರ ಪಾಪವನ್ನು ತೋರಿಸಲು ಅವನು ಹೈದರ್ ಅವರ ಕೋಪವನ್ನು ಬಳಸಿಕೊಂಡ.

ನಮ್ಮ ಭಾಷೆಯಲ್ಲಿಯೂ ಅಂದಿನ ಒಂದು ದಾಖಲೆ ಇದೆ. 1784ರ ಹೈದರ್ ನಾಮೆ ಎಂಬ ಕನ್ನಡ ಗದ್ಯದ ಹಸ್ತಪ್ರತಿ, ಹೈದರ್ ತೀರಿಕೊಂಡ ಎರಡೇ ವರ್ಷಕ್ಕೆ ಅವರ ಏಳಿಗೆಯನ್ನೂ ಯುದ್ಧಗಳನ್ನೂ ದಾಖಲಿಸಿತು. ಮೈಸೂರು ಪುರಾತತ್ವ ಇಲಾಖೆಯ 1930ರ ವರದಿಯ ಮೂಲಕ ಅದು ವಿದ್ವಾಂಸರ ಗಮನಕ್ಕೆ ಬಂತು.

ಗೆದ್ದವರು ಬರೆದ ಚರಿತ್ರೆ

1799ರಲ್ಲಿ ಟಿಪ್ಪು ಹುತಾತ್ಮರಾದ ಮೇಲೆ ಇಂಗ್ಲಿಷರು ಒಡೆಯರ ವಂಶದ ಬಾಲಕನನ್ನು ಮೈಸೂರಿನ ಸಿಂಹಾಸನದಲ್ಲಿ ಕೂರಿಸಿದರು. ಕಸಿದದ್ದನ್ನು ಹಿಂದಕ್ಕೆ ಕೊಡಿಸಿದವರು ನಾವು ಎಂಬುದು ಅವರ ಹೇಳಿಕೆ. ಆ ಹೇಳಿಕೆ ನಿಲ್ಲಬೇಕಾದರೆ ಹೈದರ್ ಕಸಿದವರಾಗಿಯೇ ಕಾಣಬೇಕು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಮೂರು ಸಂಪುಟಗಳಲ್ಲಿ ದಕ್ಷಿಣ ಭಾರತದ ಚರಿತ್ರೆ ಪ್ರಕಟಿಸಿದರು. ಖಂಡೇರಾಯನನ್ನು ಗಿಳಿಯಂತೆ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿದರು ಎಂಬಂಥ ಕತೆಗಳು ಇಂಗ್ಲಿಷ್ ಪುಸ್ತಕಗಳಿಂದಲೇ ಮನೆಮಾತಾದವು. ವಿಲ್ಕ್ಸ್ ಶ್ರಮಪಟ್ಟು ಬರೆದವರು. ಅವರು ಕೊಟ್ಟ ಎಷ್ಟೋ ವಿವರಗಳು ಬೇರೆಲ್ಲೂ ಸಿಗವು. ಆದರೆ ಅವರು ಗೆದ್ದ ಪಕ್ಷದ ಅಧಿಕಾರಿ ಎಂಬುದನ್ನು ನೆನಪಿಟ್ಟು ಓದಬೇಕು. ಹೈದರ್, ಟಿಪ್ಪು ಇಬ್ಬರ ಸೇವೆಯಲ್ಲಿದ್ದ ಮೀರ್ ಹುಸೇನ್ ಅಲಿ ಕಿರ್ಮಾನಿ ಫಾರಸಿಯಲ್ಲಿ ನಿಶಾನೆ ಹೈದರಿ ಬರೆದರು. ಅದು ಅರಮನೆಯ ಅನ್ನ ಉಂಡವರ ಬರಹ. ಅದನ್ನೂ ಅಷ್ಟೇ ಎಚ್ಚರದಿಂದ ಓದಬೇಕು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ನೋಡಿದವರಿಗೆ ಪೊಳ್ಳಿಲೂರು ಯುದ್ಧದ ದೊಡ್ಡ ಗೋಡೆಚಿತ್ರ ನೆನಪಿರಬಹುದು. ಅದನ್ನು ಬರೆಸಿದ್ದು ಟಿಪ್ಪು. ಹತ್ತೊಂಬತ್ತನೇ ಶತಮಾನದಲ್ಲಿ ಅದು ಮಸುಕಾದಾಗ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ಮತ್ತೆ ಬರೆಸಿದ. ಇಂಗ್ಲಿಷರ ಸೋಲಿನ ಚಿತ್ರಕ್ಕೆ ಇಂಗ್ಲಿಷರೇ ಹೊಸ ಬಣ್ಣ ಕೊಡಿಸಿದರು. ಇಂದು ನಾವು ಅಲ್ಲಿ ನೋಡುವುದರಲ್ಲಿ ಹಳೆಯ ಚಿತ್ರವೂ ಇದೆ, ಆಮೇಲಿನ ಕುಂಚವೂ ಇದೆ. ಹೈದರ್ ಬಗ್ಗೆ ನಾವು ಕೇಳುವ ಬಹಳಷ್ಟು ಮಾತುಗಳೂ ಹೀಗೆಯೇ.

ದುರ್ಗದ ಹೈದರ್

ನಮ್ಮ ನೆರೆಯ ಚಿತ್ರದುರ್ಗದಲ್ಲಿ ಹೈದರ್ ಎಂದರೆ ಶತ್ರು. 1779ರಲ್ಲಿ ಮದಕರಿ ನಾಯಕರ ಕೋಟೆ ಅವರಿಗೆ ವಶವಾಯಿತು. ಮುತ್ತಿಗೆಯ ವೇಳೆ ಕಿಂಡಿಯೊಳಗಿನಿಂದ ನುಸುಳಿದ ಸೈನಿಕರನ್ನು ಒನಕೆಯಿಂದ ಬಡಿದು ಕೋಟೆ ಕಾದ ಓಬವ್ವನ ಕತೆ ಕನ್ನಡ ನಾಡಿಗೆಲ್ಲ ಗೊತ್ತು. 1972ರಲ್ಲಿ ಬಂದ ನಾಗರಹಾವು ಚಲನಚಿತ್ರ ಅದನ್ನು ಮನೆಮನೆಗೆ ತಲುಪಿಸಿತು. ದುರ್ಗದ ಪತನವನ್ನು ಕುರಿತ ತ.ರಾ.ಸು. ಅವರ ದುರ್ಗಾಸ್ತಮಾನ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2021ರಿಂದ ರಾಜ್ಯ ಸರಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸತೊಡಗಿತು.

ಈ ಕತೆ ಕೇಳುವಾಗ ನಮ್ಮ ಹುಡುಗರು ಮುಖ ತಗ್ಗಿಸಬೇಕಾಗಿಲ್ಲ. ಮನೆ ಕಾಯಲು ನಿಂತ ಹೆಣ್ಣುಮಗಳ ಧೈರ್ಯ ಎಲ್ಲರಿಗೂ ಸೇರಿದ್ದು. ಅಷ್ಟೇ ಅಲ್ಲ, ದುರ್ಗ ಬಿದ್ದ ಮೇಲೆ ನಡೆದದ್ದನ್ನೂ ತಿಳಿಯಬೇಕು. ಬೇಡ ಸಮುದಾಯದ ಸುಮಾರು 20,000 ಜನರನ್ನು ಊರು ಬಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು, ಅವರಲ್ಲಿ ಬಾಲಕರನ್ನು ಬೇರ್ಪಡಿಸಿ ಮತಾಂತರಿಸಿ ಚೇಲಾ ಎಂಬ ಸೈನ್ಯದ ದಳಗಳಿಗೆ ಸೇರಿಸಲಾಯಿತು ಎಂದು ವಿಲ್ಕ್ಸ್ ಬರೆದಿದ್ದಾರೆ. ಮಲಬಾರಿನಲ್ಲಿ, ಕೊಡಗಿನಲ್ಲಿ, ಆರ್ಕಾಟು ಸೀಮೆಯಲ್ಲಿ ಜನ ಪಟ್ಟ ಪಾಡೂ ಸಣ್ಣದಲ್ಲ. ಬಲವಂತ ಯಾರು ಮಾಡಿದರೂ ಬಲವಂತವೇ. ಅರಸ ನಮ್ಮ ಹೆಸರಿನವನು ಎಂಬ ಕಾರಣಕ್ಕೆ ಅದನ್ನು ಮುಚ್ಚಿದರೆ, ನಮ್ಮ ಪಕ್ಕದಲ್ಲಿ ಅದೇ ಬೆಂಚಿನ ಮೇಲೆ ಕೂತ ಗೆಳೆಯನ ಅಜ್ಜಂದಿರ ನೋವನ್ನು ಇಲ್ಲವೆಂದಂತೆ ಆಗುತ್ತದೆ. ಹಾಗೆಯೇ, ಆ ಅರಸ ಮಾಡಿದ್ದಕ್ಕೆ ಇಂದಿನ ಹುಡುಗ ಉತ್ತರ ಕೊಡಬೇಕು ಎಂದು ಕೇಳುವುದೂ ನ್ಯಾಯವಲ್ಲ. ಹೈದರ್ ಅವರ ದಂಡಿಗೆ ನಮ್ಮ ಅಜ್ಜಂದಿರ ಹೊಲವೂ ಮೇವಾಗಿದ್ದೀತು.

ಹೊಸ ಕಾಲದ ಹೊಸ ಚಿತ್ರಗಳು

ಇಪ್ಪತ್ತನೇ ಶತಮಾನದಲ್ಲಿ ಸ್ವಾತಂತ್ರ್ಯದ ಗಾಳಿ ಬೀಸಿದಾಗ ಹಳೆಯ ಪುಸ್ತಕಗಳನ್ನು ಹೊಸ ಕಣ್ಣಿನಿಂದ ಓದುವುದು ಆರಂಭವಾಯಿತು. ಬಂಗಾಳದ ಚರಿತ್ರೆಕಾರ ನರೇಂದ್ರ ಕೃಷ್ಣ ಸಿನ್ಹಾ 1941ರಲ್ಲಿ ಹೈದರ್ ಕುರಿತ ಗ್ರಂಥ ಪ್ರಕಟಿಸಿದರು. ಇಂಗ್ಲಿಷ್, ಫ್ರೆಂಚ್, ಮರಾಠಿ, ಪೋರ್ಚುಗೀಸ್ ದಾಖಲೆಗಳನ್ನು ಹೋಲಿಸಿ ನೋಡುವ ದಾರಿ ತೆರೆಯಿತು. ನಮ್ಮ ರಾಜ್ಯದವರೇ ಆದ ಪ್ರೊ. ಬಿ. ಶೇಖ್ ಅಲಿ 1963ರಲ್ಲಿ ಹೈದರ್ ಮತ್ತು ಇಂಗ್ಲಿಷರ ಸಂಬಂಧ ಕುರಿತು ಪುಸ್ತಕ ತಂದರು. ಹಾಸನ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ, ಮುಂದೆ ಮಂಗಳೂರು ಮತ್ತು ಗೋವಾ ವಿಶ್ವವಿದ್ಯಾಲಯಗಳ ಮೊದಲ ಕುಲಪತಿಗಳಾದ ಅವರ ಬದುಕು ನಮ್ಮ ವಿದ್ಯಾರ್ಥಿಗಳಿಗೆ ಮಾದರಿ. ಹೊಗಳಿಕೆಯನ್ನಾಗಲಿ ತೆಗಳಿಕೆಯನ್ನಾಗಲಿ ಅಳೆಯಬೇಕಾದರೆ ಗ್ರಂಥಾಲಯದಲ್ಲಿ ಕೂರಬೇಕು ಎಂಬುದನ್ನು ಅಂಥವರು ತೋರಿಸಿದರು.

ಇತ್ತೀಚಿನ ದಶಕಗಳಲ್ಲಿ ಚಿತ್ರ ಮತ್ತೆ ಬದಲಾಗಿದೆ. 2015ರಲ್ಲಿ ಸರಕಾರದಿಂದ ಆರಂಭವಾದ ಟಿಪ್ಪು ಜಯಂತಿ 2019ರಲ್ಲಿ ನಿಂತಿತು. ಮಗನ ವಿವಾದದ ಬಿಸಿ ತಂದೆಗೂ ತಟ್ಟಿತು. ವೇದಿಕೆಯ ಮೇಲೆ ಅರಸರು ಪೂರ್ತಿ ಒಳ್ಳೆಯವರು ಅಥವಾ ಪೂರ್ತಿ ಕೆಟ್ಟವರು ಆಗಿಬಿಡುತ್ತಾರೆ. ನಡುವೆ ನಿಲ್ಲಲು ಅವರಿಗೆ ಜಾಗವೇ ಇರುವುದಿಲ್ಲ.

ಇದು ನಮ್ಮ ನಾಡಿನಲ್ಲಿ ಮಾತ್ರ ನಡೆದದ್ದಲ್ಲ. ಚೀನಾವನ್ನು ಕ್ರಿಸ್ತಪೂರ್ವ 221ರಲ್ಲಿ ಒಂದುಗೂಡಿಸಿದ ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗ್ ಬಗ್ಗೆಯೂ ಹೀಗೆಯೇ ಆಯಿತು. ಅವನ ವಂಶವನ್ನು ಉರುಳಿಸಿ ಬಂದ ಹಾನ್ ವಂಶದ ಕಾಲದ ಚರಿತ್ರೆಕಾರರು ಅವನನ್ನು ಪುಸ್ತಕ ಸುಟ್ಟ ಕ್ರೂರಿ ಎಂದು ಬರೆದರು. ಎರಡು ಸಾವಿರ ವರ್ಷ ಅದೇ ಚಿತ್ರ ಉಳಿಯಿತು. ಇಪ್ಪತ್ತನೇ ಶತಮಾನದಲ್ಲಿ ಮಾವೋ ಕಾಲದ ಚೀನಾ ಅವನನ್ನು ದೇಶ ಕಟ್ಟಿದವನೆಂದು ಹೊಗಳಿತು. 1974ರಲ್ಲಿ ಶಿಯಾನ್ ಬಳಿ ಬಾವಿ ತೋಡುತ್ತಿದ್ದ ರೈತರಿಗೆ ಅವನ ಸಮಾಧಿಯ ಮಣ್ಣಿನ ಸೈನಿಕರು ಸಿಕ್ಕ ಮೇಲೆ ಅವನು ಪ್ರಪಂಚದ ಪ್ರವಾಸಿಗರ ಬೆರಗಿನ ಅರಸನಾದ. ಸತ್ತ ಅರಸ ಬದಲಾಗಲಿಲ್ಲ. ಕೇಳುವವರ ಅಗತ್ಯ ಬದಲಾಯಿತು.

ಮತ್ತೆ ಕೋಟೆಯ ಬಾಗಿಲಿಗೆ

ಈಗ ಬಳ್ಳಾರಿ ಕೋಟೆಯ ಎಂಜಿನಿಯರನ ಕತೆಗೆ ಹಿಂದಿರುಗೋಣ. ಪ್ರಿಯ ವಿದ್ಯಾರ್ಥಿಗಳೇ, ಒಂದು ಪರೀಕ್ಷೆ ಮಾಡಿ ನೋಡಿ. ಸಿರುಗುಪ್ಪದ ಕಡೆಯಿಂದ ಬಸ್ಸಿನಲ್ಲಿ ಬರುವಾಗಲೋ, ಕುರುಗೋಡಿನಿಂದ ಬರುವಾಗಲೋ ಬಳ್ಳಾರಿಯ ಗುಡ್ಡಗಳು ದೂರದಿಂದಲೇ ಕಾಣುತ್ತವೆ. ಕುಂಬಾರ ಗುಡ್ಡ ಒಂದು ರಾತ್ರಿಯಲ್ಲಿ ಎದ್ದು ನಿಂತದ್ದಲ್ಲ. ಹೈದರ್ ಸ್ವತಃ ದಂಡು ಕಟ್ಟಿಕೊಂಡು ಇಲ್ಲಿಗೆ ಬಂದವರು, ಮುತ್ತಿಗೆ ಹಾಕಿದವರನ್ನು ಓಡಿಸಿದವರು, ತಾವೂ ಕೋಟೆ ಗೆದ್ದವರು. ಜೀವಮಾನವೆಲ್ಲ ಕೋಟೆಗಳ ಎದುರು ಕಳೆದ ಆ ಸೇನಾನಿಗೆ ಪಕ್ಕದ ಗುಡ್ಡ ಕಂಡದ್ದು ಕಟ್ಟಡ ಮುಗಿದ ಮೇಲೆಯೇ? ಕತೆಯಲ್ಲಿ ಎಂಜಿನಿಯರನಿಗೆ ಹೆಸರೂ ಇಲ್ಲ. ಕಟ್ಟಿದವನನ್ನೇ ಕೊಂದ ಅರಸನ ಕತೆಯನ್ನು ಪ್ರಪಂಚದ ಎಷ್ಟೋ ಕಟ್ಟಡಗಳ ಬಗ್ಗೆ ಹೇಳುತ್ತಾರೆ. ತಾಜ್ ಮಹಲಿನ ಕೆಲಸಗಾರರ ಕೈ ಕತ್ತರಿಸಿದರೆಂಬ ಆಧಾರವಿಲ್ಲದ ಕತೆಯೂ ಅದೇ ಜಾತಿಯದು.

ಹಾಗಾದರೆ ಕತೆಯನ್ನು ಮರೆಯಬೇಕೇ? ಬೇಡ. ಕತೆಯನ್ನು ಕತೆಯಾಗಿ ಇಟ್ಟುಕೊಳ್ಳೋಣ. ಅದರಲ್ಲಿಯೂ ಒಂದು ತಿಳಿವಳಿಕೆ ಇದೆ. ಹೈದರ್ ಅವರನ್ನು ಕಂಡರೆ ಆಗದವರಿಗೆ ಅದು ಅವರ ಕ್ರೌರ್ಯಕ್ಕೆ ಸಾಕ್ಷಿ. ಅವರನ್ನು ಮೆಚ್ಚಿದವರಿಗೆ, ಕೆಲಸದಲ್ಲಿ ತಪ್ಪನ್ನು ಸಹಿಸದ ಗಟ್ಟಿತನಕ್ಕೆ ಸಾಕ್ಷಿ. ನಡೆದಿದೆಯೋ ಇಲ್ಲವೋ ಎಂದು ಮೊದಲು ಕೇಳಿದವರು ಮಾತ್ರ ಕಡಿಮೆ.

ಹೈದರ್ ಅಲಿ ಸಾಮಾನ್ಯ ಮನೆಯಲ್ಲಿ ಹುಟ್ಟಿ ತಮ್ಮ ಬಲದಿಂದ ಮೇಲೆ ಬಂದವರು. ಧೈರ್ಯ, ದುಡಿಮೆ, ಜನರನ್ನು ಗುರುತಿಸುವ ಕಣ್ಣು ಅವರಲ್ಲಿತ್ತು. ಅಧಿಕಾರಕ್ಕಾಗಿ ಕಠಿಣವಾದ, ಕ್ರೂರವಾದ ಕೆಲಸಗಳನ್ನೂ ಮಾಡಿದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನೇ ಚರಿತ್ರೆಯನ್ನು ಓದಿದವನು. ಅವರು ನಮ್ಮ ಸ್ವತ್ತೂ ಅಲ್ಲ, ನಮ್ಮ ಮೇಲಿನ ಸಾಲವೂ ಅಲ್ಲ. ಬಳ್ಳಾರಿ, ಚಿತ್ರದುರ್ಗ, ಶ್ರೀರಂಗಪಟ್ಟಣಗಳ ಎಲ್ಲ ಜನರ ಚರಿತ್ರೆಯ ಒಂದು ಭಾಗ.

ಕೊನೆಯದಾಗಿ ಒಂದು ಮಾತು. ಹೈದರ್ ಅವರಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ತಮ್ಮ ಬಗ್ಗೆ ತಾವೇ ಒಂದು ಸಾಲನ್ನೂ ಅವರು ಬರೆದಿಡಲಿಲ್ಲ. ಅವರ ಕತೆಯನ್ನು ಗೆಳೆಯರು ಬರೆದರು, ನೌಕರರು ಬರೆದರು, ಶತ್ರುಗಳು ಬರೆದರು. ದೊಡ್ಡ ಸೈನ್ಯವನ್ನು ಸೋಲಿಸಬಲ್ಲ ಅರಸನಿಗೂ ತನ್ನ ಹೆಸರನ್ನು ಬೇರೆಯವರ ಲೇಖನಿಯಿಂದ ಕಾಪಾಡಿಕೊಳ್ಳಲು ಆಗಲಿಲ್ಲ. ಇಂದು ನಮ್ಮ ಮಕ್ಕಳ ಕೈಯಲ್ಲಿ ಪೆನ್ನು ಇದೆ, ಪುಸ್ತಕವಿದೆ, ದಾಖಲೆ ನೋಡುವ ಅವಕಾಶವಿದೆ. ಮುಂದಿನ ಸಲ ಕೋಟೆ ಹತ್ತಿದಾಗ ಗೋರಿಯ ಬಳಿ ಕತೆ ಹೇಳುವವರ ಮಾತನ್ನು ಗೌರವದಿಂದ ಕೇಳಿ. ಕೇಳಿದ ಮೇಲೆ ತಲೆಯೆತ್ತಿ ಒಮ್ಮೆ ಕುಂಬಾರ ಗುಡ್ಡವನ್ನು ನೋಡಿ. ಊರಿಗೆ ಹಿಂದಿರುಗಿ, ನೋಡಿದ್ದನ್ನು ಒಂದು ಕಡೆ, ಕೇಳಿದ್ದನ್ನು ಇನ್ನೊಂದು ಕಡೆ ಬರೆದಿಡಿ. ಚರಿತ್ರೆಯ ಮೊದಲ ಪಾಠ ಅಲ್ಲಿಂದ ಆರಂಭವಾಗುತ್ತದೆ.